ಕಿಟಕಿಯಲ್ಲಿ ಸಮುದ್ರ... ಕೈಯಲ್ಲಿ ಕಾಗದ!

ಮುಂಬೈ, ಬಾಂದ್ರಾ, ಕಾರ್ಟರ್ ರೋಡ್. ಸಂಜೆ ಐದೂವರೆ ಗಂಟೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಆಕಾಶಕ್ಕೆ ಏಣಿ ಹಾಕಿ ನಿಂತ ಕಟ್ಟಡಗಳು. ಕಡಲೆಕಾಯಿ ಮಾರುತ್ತಿದ್ದ ಮುದುಕನೊಬ್ಬನನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ: "ರಾಜೇಶ್ ಖನ್ನಾ ಅವರ ಮನೆ ಎಲ್ಲಿ?"

ಅವನು ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಯಾವ ಕಾಲದಲ್ಲಿದ್ದೀರಿ ಸಾಬ್? ಆ ಮನೆ ಹೋಗಿ ವರ್ಷಗಳಾದವು!"

ಹೋದದ್ದು ನಿಜ. ಒಂದು ಕಾಲಕ್ಕೆ ಅದು ರಾಜೇಂದ್ರ ಕುಮಾರ್ ಮನೆ. ಮಗಳ ಹೆಸರಿನಲ್ಲಿ 'ಡಿಂಪಲ್' ಅಂತ ಕರೆದಿದ್ದರು. ಆಮೇಲೆ ರಾಜೇಶ್ ಖನ್ನಾ ಕೊಂಡರು, 'ಆಶೀರ್ವಾದ್' ಆಯಿತು. ಗೇಟಿನ ಮುಂದೆ ನಿರ್ಮಾಪಕರೂ ಅಭಿಮಾನಿಗಳೂ ಸಾಲುಗಟ್ಟಿ ನಿಂತ ಕಾಲ ಅದು. 2012ರಲ್ಲಿ ರಾಜೇಶ್ ಖನ್ನಾ ತೀರಿಕೊಂಡರು. 2014ರಲ್ಲಿ ಬಂಗಲೆ ಮಾರಾಟವಾಯಿತು. ಆಮೇಲೆ ನೆಲಸಮ!

ಸೂಪರ್ ಸ್ಟಾರ್ ಮನೆಯ ಗತಿಯೇ ಹೀಗಾದರೆ, ಹೋಟೆಲಿನ ಗಲ್ಲಾ ಮೇಲೆ ಕೂತು ಚಿಲ್ಲರೆ ಎಣಿಸುವ ನಮ್ಮ ಭಾವನ ಮನೆಯ ಕಥೆ ಏನು? ಅದನ್ನೇ ಈ ವಾರ ಹೇಳಹೊರಟಿದ್ದೇನೆ. ತಾರೆಯರ ಬಂಗಲೆಗಳ ಬಗ್ಗೆ ಬರೆಯೋಣ ಅಂತ ಮುಂಬೈಗೆ ಹೋದವನು ಒಂದು ಅಡಿಗೆಮನೆ, ಒಂದು ನಲ್ಲಿ, ಒಂದು ಕಿಟಕಿಯ ಕಥೆ ಹೊತ್ತು ತಂದಿದ್ದೇನೆ.

ಋಣ ತೀರಿಸುವ ಸರದಿ

ಮೊದಲು ನನ್ನ ಗುಟ್ಟು ಹೇಳಿಬಿಡುತ್ತೇನೆ. ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಸೇರುತ್ತೇನೆ ಅಂತ ಮುಂಬೈಗೆ ಓಡಿಹೋದವನು ನಾನು! ಆಗ ನನ್ನನ್ನು ಒಂದೂವರೆ ತಿಂಗಳು ಇಟ್ಟುಕೊಂಡು ಅನ್ನ ಹಾಕಿದವಳು ದೊಡ್ಡಪ್ಪನ ಮಗಳು. ಒಂದೇ ಕೋಣೆಯ ಬಾಡಿಗೆ ಮನೆ. ರಾತ್ರಿ ನಾನು ಮಲಗಿದರೆ ಬಾಗಿಲು ತೆರೆಯಲು ಜಾಗವಿರುತ್ತಿರಲಿಲ್ಲ. ಭಾವ ಬೆಳಗಿನ ನಾಲ್ಕಕ್ಕೆ ಹೋಟೆಲಿಗೆ ಹೊರಡುವಾಗ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ.

ಆ ಭಾವ ಮೊನ್ನೆ ಫೋನು ಮಾಡಿದರು. "ಮನೆ ತಗೊಳ್ಳೋದು ಅಂತ ಮಾಡಿದ್ದೇವೆ ಮಾರಾಯ. ಊರಿನ ಜಾಗದ ಪಾಲು ಮಾರಿ ಆಯ್ತು. ನೀನು ಪೇಪರಿನವ. ನಾಲ್ಕು ಪ್ರಶ್ನೆ ಕೇಳೋಕೆ ಬಾ."

ಕುಂದಾಪುರದ ಕಡೆಯ ಆ ಜಾಗ ಭಾವನಿಗೆ ಅಪ್ಪನಿಂದ ಬಂದದ್ದು. ಅದು ಹೋಯಿತು ಅಂದರೆ ಊರಿಗೆ ವಾಪಸು ಹೋಗುವ ದಾರಿ ಮುಚ್ಚಿದ ಹಾಗೆಯೇ. ಮುಂಬೈಯಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ. ಮುಗಿಯಿತೋ, ಮಾಲಿಕ ಬಾಡಿಗೆ ಏರಿಸುತ್ತಾನೆ, ಇಲ್ಲವೇ ಪಾತ್ರೆ ಪಗಡ ಟೆಂಪೋಕ್ಕೆ ಏರಿಸಬೇಕು. ಅಕ್ಕನ ಮಗಳು ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಮೂರು ಸ್ಕೂಲು ಬದಲಾಯಿಸಿದ್ದಳು.

ಮಂಗಳೂರು ಕಡೆಯಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ಕುಂದಾಪುರದಲ್ಲಿ ಹತ್ತಿದೆ. ಭಾವನ ಅಣ್ಣ ಕಳಿಸಿದ ಒಂದು ಡಬ್ಬ ಹಪ್ಪಳ ನನ್ನ ಕೈಯಲ್ಲಿ. ಆ ಜಾಗದಿಂದ ಬಂದ ಕೊನೆಯ ಹಲಸಿನ ಹಪ್ಪಳ!

ತೆರೆಯ ಮೇಲಿನ ಮನೆ

ಮುಂಬೈಯಲ್ಲಿ ಮನೆ ಹುಡುಕುವ ಕಷ್ಟವನ್ನು ಹಿಂದಿ ಚಿತ್ರರಂಗ ಹೇಳಿದಷ್ಟು ಯಾರು ಹೇಳಿದ್ದಾರೆ? 1955ರ 'ಶ್ರೀ 420' ನೆನಪಿಸಿಕೊಳ್ಳಿ. ನೂರು ರೂಪಾಯಿಗೆ ಮನೆ ಎಂದು ಬಡವರನ್ನು ಮರುಳು ಮಾಡುವ ಸೇಠ್, ಅದಕ್ಕೆ ಮುಖವಾಗುವ ರಾಜ್ ಕಪೂರ್! 1972ರ 'ಪಿಯಾ ಕಾ ಘರ್'ನಲ್ಲಿ ಹೊಸದಾಗಿ ಮದುವೆಯಾದ ಜಯಾ ಭಾದುರಿಗೆ ಗಂಡನ ಜೊತೆ ಗುಟ್ಟಾಗಿ ಎರಡು ಮಾತಾಡಲು ಜಾಗವಿಲ್ಲ. 1975ರ 'ದೀವಾರ್'ನಲ್ಲಿ ತಾಯಿ ಇಟ್ಟಿಗೆ ಹೊತ್ತ ಕಟ್ಟಡವನ್ನೇ ಮಗ ಅಮಿತಾಭ್ ಕೊಳ್ಳುತ್ತಾನೆ. ಚಪ್ಪಾಳೆಯೋ ಚಪ್ಪಾಳೆ!

ಆದರೆ ನಮ್ಮ ಭಾವನಂಥವರ ಚಿತ್ರ ಯಾವುದು ಅಂದರೆ 1977ರ 'ಘರೌಂದಾ'. ಭೀಮಸೇನ್ ನಿರ್ದೇಶನ. ಅಮೋಲ್ ಪಾಲೇಕರ್, ಜರೀನಾ ವಹಾಬ್ ಒಂದೇ ಆಫೀಸಿನ ನೌಕರರು. ಇಬ್ಬರೂ ಸೇರಿ ಕಾಸಿಗೆ ಕಾಸು ಕೂಡಿಸಿ ಫ್ಲಾಟಿಗೆ ಹಣ ಕಟ್ಟುತ್ತಾರೆ. ಬಿಲ್ಡರ್ ಪರಾರಿ! ಮನೆ ಹೋಯಿತು, ಮನೆಯ ಹಿಂದೆಯೇ ಪ್ರೀತಿಯೂ ಮುರಿಯಿತು. ನೋಡಿಲ್ಲದವರು ನೋಡಿ. ಹೊಡೆದಾಟ ಇಲ್ಲ, ಆದರೂ ಎದೆಗೆ ಗುದ್ದುತ್ತದೆ.

ಇನ್ನೊಂದು ತಮಾಷೆ ಕೇಳಿ. 'ಶ್ರೀ 420' ತೆಗೆದ ರಾಜ್ ಕಪೂರ್ 1948ರಲ್ಲಿ ಕಟ್ಟಿದ ಆರ್.ಕೆ. ಸ್ಟುಡಿಯೋ ಚೆಂಬೂರಿನಲ್ಲಿತ್ತು. 2017ರಲ್ಲಿ ಬೆಂಕಿ ಬಿತ್ತು. 2019ರಲ್ಲಿ ಒಂದು ದೊಡ್ಡ ಕಟ್ಟಡ ಕಂಪನಿ ಜಾಗವನ್ನು ಕೊಂಡಿತು, ಸ್ಟುಡಿಯೋ ಇದ್ದಲ್ಲಿ ಫ್ಲಾಟುಗಳು ಎದ್ದವು. ಮುಂಬೈಯಲ್ಲಿ ನೆಲಕ್ಕಿರುವ ಬೆಲೆ ನೆನಪಿಗೆ ಎಲ್ಲಿದೆ ಸ್ವಾಮಿ!

ಸಮುದ್ರದಿಂದ ಕಿತ್ತುಕೊಂಡ ನೆಲ

ಯಾಕೆ ಇಷ್ಟು ದುಬಾರಿ? ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಮುಂಬೈ ಮೊದಲು ಏಳು ದ್ವೀಪ. ನಡುವಿನ ನೀರು ತುಂಬಿಸಿ ನೆಲ ಮಾಡಿದರು. ಸಿನಿಮಾದಲ್ಲಿ ನಾವು ನೋಡುವ ಮರೀನ್ ಡ್ರೈವ್ ನಿಂತಿರುವುದೇ ಸಮುದ್ರದಿಂದ ಕಿತ್ತುಕೊಂಡ ಜಾಗದಲ್ಲಿ. ಮೂರು ಕಡೆ ನೀರು. ಊರು ಬೆಳೆಯಬೇಕಾದರೆ ಮೇಲಕ್ಕೆ ಬೆಳೆಯಬೇಕು, ಇಲ್ಲವೇ ಉತ್ತರಕ್ಕೆ, ರೈಲು ಹಳಿಯ ಗುಂಟ.

ಹಳೆಯ ಮುಂಬೈಯಲ್ಲಿ ಇನ್ನೊಂದು ಪದ್ಧತಿ ಇದೆ: ಪಗಡಿ. 1947ರ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಆ ಅಗ್ಗದ ಬಾಡಿಗೆಯ ಕೋಣೆಯನ್ನು ಯಾರು ಬಿಡುತ್ತಾರೆ? ಬಿಡುವವನು ಬರುವವನಿಂದ ದೊಡ್ಡ ಮೊತ್ತ ತೆಗೆದುಕೊಳ್ಳುತ್ತಾನೆ, ಅದರಲ್ಲಿ ಮಾಲಿಕನಿಗೂ ಪಾಲು. ಲಕ್ಷಗಟ್ಟಲೆ ಸುರಿದರೂ ಕಾಗದದಲ್ಲಿ ನೀವು ಬಾಡಿಗೆದಾರರೇ! ಗಿರ್‌ಗಾಂವ್ ಕಡೆಯ ಪಗಡಿ ಕೋಣೆಯೊಂದನ್ನು ಭಾವ ನೋಡಿಬಂದಿದ್ದರು. ಅಕ್ಕ ಬೇಡವೇ ಬೇಡ ಅಂದಿದ್ದಳಂತೆ.

ಹಾಗಾಗಿ ಉಳಿದದ್ದು ಉತ್ತರ. ಚರ್ಚ್‌ಗೇಟಿನಿಂದ ವಿರಾರ್ 60 ಕಿಲೋಮೀಟರ್. ಲೋಕಲ್ ರೈಲಿನಲ್ಲಿ ಒಂದೂಕಾಲು ಗಂಟೆಗೂ ಮೇಲೆ, ಅದೂ ಉಸಿರಾಡಲು ಜಾಗ ಸಿಕ್ಕರೆ. ಸಮುದ್ರದ ಊರಿಗೆ ಹೋದವನು ಕಾಸಿಗೆ ತಕ್ಕ ಮನೆ ಹುಡುಕುತ್ತಾ ಊರಿನ ಬಾಲಕ್ಕೆ ಬಂದು ನಿಲ್ಲುತ್ತಾನೆ.

ಸೆಟ್ಟಿನೊಳಗಿನ ಸಮುದ್ರ

ಭಾನುವಾರ ನಾವು ಮೂವರೂ ವಿರಾರ್‌ನಲ್ಲಿ ಇಳಿದೆವು. ಏಜೆಂಟ್ ಕಾರು ತಂದಿದ್ದ. ಬಿಳಿ ಅಂಗಿ, ಕಪ್ಪು ಕನ್ನಡಕ, ಬಾಯಿ ತುಂಬಾ "ಅಣ್ಣಾ, ಅಣ್ಣಾ". ಕಟ್ಟಡ ಇನ್ನೂ ತಳಪಾಯದಲ್ಲಿದೆ, ಆದರೆ ಮಾರಾಟದ ಆಫೀಸಿನೊಳಗೆ 'ಸ್ಯಾಂಪಲ್ ಫ್ಲಾಟ್' ತಯಾರು!

ಒಳಗೆ ಕಾಲಿಟ್ಟೆ ನೋಡಿ... ತಣ್ಣಗಿನ ಗಾಳಿ, ಹೊಳೆಯುವ ನೆಲ, ಮೆತ್ತನೆ ಸೋಫಾ. ಬೆಡ್‌ರೂಮಿನ ಕಿಟಕಿಯಲ್ಲಿ ನೀಲಿ ಸಮುದ್ರ, ತೆಂಗಿನ ಮರ, ಮುಳುಗುವ ಸೂರ್ಯ. ನನಗಂತೂ ತಲೆ ತಿರುಗಿತು. ಹೀರೋ ಕಾಫಿ ಹಿಡಿದು ನಿಲ್ಲುವ ಕಿಟಕಿ ಅದು! "ತಗೊಂಡುಬಿಡಿ ಭಾವ" ಅಂದೇಬಿಟ್ಟೆ. ನಾಲ್ಕು ಪ್ರಶ್ನೆ ಕೇಳಲು ಕರೆಸಿಕೊಂಡ ಪೇಪರಿನವನು ಒಂದೂ ಪ್ರಶ್ನೆ ಕೇಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಇವತ್ತು ಮೂರು ಲಕ್ಷ ಟೋಕನ್ ಕೊಟ್ಟರೆ ಈ ರೇಟು. ನಾಳೆ ರೇಟು ಏರುತ್ತೆ. ಕ್ಯಾಶ್ ಆದರೆ ಒಳ್ಳೆಯದು" ಅಂದ ಏಜೆಂಟ್. ಭಾವನ ಕೈ ಚೀಲದ ಮೇಲೆ ಹೋಯಿತು. ಊರಿನ ಜಾಗದ ಹಣದಲ್ಲಿ ಮೂರು ಲಕ್ಷ ಆ ಚೀಲದಲ್ಲಿತ್ತು.

ಅಕ್ಕ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಮಂಚದ ಹತ್ತಿರ ಹೋಗಿ ಗೇಣು ಹಾಕಿ ಅಳೆದಳು. "ಇವರೇ, ಸ್ವಲ್ಪ ಇಲ್ಲಿ ಮಲಗಿ" ಅಂದಳು. ಭಾವ ತಬ್ಬಿಬ್ಬಾಗಿ ಚಪ್ಪಲಿ ಬಿಟ್ಟು ಮಲಗಿದರು. ಮೊಣಕಾಲಿನ ಕೆಳಗೆ ಅರ್ಧ ಕಾಲು ಮಂಚದ ಹೊರಗೆ! ಕೋಣೆ ದೊಡ್ಡದಾಗಿ ಕಾಣಲಿ ಅಂತ ಚಿಕ್ಕ ಮಂಚ ಮಾಡಿಸಿದ್ದರು. ಒಳಗಿನ ಕೋಣೆಗಳಿಗೆ ಬಾಗಿಲೇ ಇಟ್ಟಿರಲಿಲ್ಲ. ಬಾಗಿಲು ತೆರೆಯಲೂ ಜಾಗ ಬೇಕಲ್ಲ!

ಆಮೇಲೆ ಅಕ್ಕ ಕಿಟಕಿಯ ಪರದೆ ಸರಿಸಿ ಕೈ ಚಾಚಿದಳು. ಸಮುದ್ರಕ್ಕೆ ಬೆರಳು ತಾಗಿತು. ಅದು ಬಣ್ಣದ ಫ್ಲೆಕ್ಸ್! ಹಿಂದೆ ಟ್ಯೂಬ್‌ಲೈಟ್. ಸ್ಟುಡಿಯೋದ ಸೆಟ್ಟಿನಲ್ಲಿ ಹಾಕುತ್ತಾರಲ್ಲ, ಥೇಟ್ ಹಾಗೆ. ಸಿನಿಮಾ ಹುಚ್ಚ ನಾನು. ಸೆಟ್ ಯಾವುದು, ನಿಜ ಯಾವುದು ಅಂತ ನನಗೇ ತಿಳಿಯಲಿಲ್ಲ!

ಆಗ ನನಗೆ ಮಾತು ಬಂತು. "ಇದರ ರೇರಾ ನಂಬರ್ ಎಷ್ಟು?"

"ಬರ್ತಾ ಇದೆ" ಅಂದ ಏಜೆಂಟ್.

"ನಂಬರ್ ಬರಲಿ, ಆಮೇಲೆ ನಾವೂ ಬರ್ತೇವೆ" ಅಂದಳು ಅಕ್ಕ. ಭಾವನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ಬಂದ ಕಾರು ವಾಪಸು ಬಿಡಲು ಬರಲಿಲ್ಲ. ಸ್ಟೇಷನ್‌ವರೆಗೆ ನಡೆದೆವು.

ನೆನಪಿಡಬೇಕಾದ ನಾಲ್ಕು ಮಾತು

ನಾಳೆ ನೀವೂ ಯಾವುದೋ ಊರಿನಲ್ಲಿ ಮನೆ ಕೊಳ್ಳುವವರೇ. ಹಾಗಾಗಿ ಕೇಳಿ. 2016ರ ರೇರಾ ಕಾಯಿದೆ ಪ್ರಕಾರ, 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಹೊಸ ಕಟ್ಟಡಕ್ಕೆ ನೋಂದಣಿ ಆಗಲೇಬೇಕು. ಆಗದೆ ಮಾರುವ ಹಾಗಿಲ್ಲ, ಜಾಹೀರಾತು ಕೊಡುವ ಹಾಗೂ ಇಲ್ಲ. ನೋಂದಾಯಿತ ಕರಾರಿಲ್ಲದೆ ಬೆಲೆಯ 10%ಗಿಂತ ಹೆಚ್ಚು ಹಣ ಪಡೆಯುವ ಹಾಗಿಲ್ಲ. ಕೊಳ್ಳುವವರು ಕೊಟ್ಟ ಹಣದಲ್ಲಿ 70% ಬೇರೆ ಖಾತೆಯಲ್ಲಿಟ್ಟು ಆ ಕಟ್ಟಡಕ್ಕೇ ಖರ್ಚು ಮಾಡಬೇಕು. ಲೆಕ್ಕ 'ಕಾರ್ಪೆಟ್' ವಿಸ್ತೀರ್ಣದಲ್ಲಿ, ಅಂದರೆ ಮನೆಯೊಳಗೆ ನೀವು ನಿಜವಾಗಿ ಬಳಸುವ ನೆಲ. ಮೆಟ್ಟಿಲು, ಲಿಫ್ಟು, ಪಡಸಾಲೆ ಎಲ್ಲ ಸೇರಿಸಿ ಉಬ್ಬಿಸಿದ 'ಸೂಪರ್ ಬಿಲ್ಟಪ್' ಅಂಕಿ ಕೇಳಿ ಹಿಗ್ಗಬೇಡಿ.

ಕಟ್ಟಿ ಮುಗಿದ ಮನೆಯಾದರೆ ವಾಸಯೋಗ್ಯ ಪತ್ರ, ಅಂದರೆ ಓ.ಸಿ. ಕೇಳಿ. ಕಾಗದ ಸರಿಯಿಲ್ಲದಿದ್ದರೆ ಏನಾಗುತ್ತದೆ? 2025ರ ಆರಂಭದಲ್ಲಿ ವಿರಾರ್ ಪಕ್ಕದ ನಾಲಾಸೋಪಾರಾದಲ್ಲಿ 41 ಅನಧಿಕೃತ ಕಟ್ಟಡಗಳನ್ನು ಹೈಕೋರ್ಟ್ ಆದೇಶದಂತೆ ಕೆಡವಿದರು. ಒಳಗಿದ್ದವರಲ್ಲಿ ಎಷ್ಟೋ ಮಂದಿ ದುಡಿದ ದುಡ್ಡು ಕೊಟ್ಟು ಕೊಂಡವರೇ. ಆ ರಾತ್ರಿ ಭಾವ ಆ ಸುದ್ದಿಯ ವಿಡಿಯೋ ಹುಡುಕಿ ನೋಡಿದರು. ಹಾಸಿಗೆ, ಫ್ರಿಜ್ಜು, ದೇವರ ಫೋಟೋ ಎಲ್ಲ ಬೀದಿಯಲ್ಲಿ. ಫೋನು ಮಗುಚಿಟ್ಟು, ಊಟ ಬೇಡ ಅಂದರು.

ಕ್ಲೈಮ್ಯಾಕ್ಸ್!

ಕೊನೆಗೆ ಸಿಕ್ಕಿದ್ದು ನಾಲಾಸೋಪಾರಾ ಪಶ್ಚಿಮದಲ್ಲೇ. ತೊಂಬತ್ತರ ದಶಕದ ನಾಲ್ಕು ಅಂತಸ್ತಿನ ಕಟ್ಟಡ, ಲಿಫ್ಟ್ ಇಲ್ಲ. ಮೂರನೇ ಮಹಡಿ, ಒಂದು ಕೋಣೆ, ಒಂದು ಅಡಿಗೆಮನೆ. ಗೋಡೆಯಲ್ಲಿ ಮಳೆಯ ಕಲೆ. ಆದರೆ ಓ.ಸಿ. ಇದೆ, ನೋಂದಾಯಿತ ಸೊಸೈಟಿ ಇದೆ, ಮಾರುವವರ ಹೆಸರಿನಲ್ಲಿ ಷೇರು ಪತ್ರ ಇದೆ. ಬ್ಯಾಂಕಿನ ವಕೀಲರು ಎಲ್ಲ ಕಾಗದ ನೋಡಿ ಸಾಲ ಕೊಡಬಹುದು ಅಂದರು. ಅಕ್ಕ ಎದುರು ಮನೆಯ ಮರಾಠಿ ಹೆಂಗಸನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಷ್ಟು ಹೊತ್ತಿಗೆ ಬರುತ್ತೆ?" ಬೆಳಿಗ್ಗೆ ಆರಕ್ಕೆ, ಒಂದು ಗಂಟೆ. "ಸಾಕು" ಅಂದಳು.

ಮಹಾರಾಷ್ಟ್ರದಲ್ಲಿ ಹೆಂಗಸರ ಹೆಸರಿನಲ್ಲೇ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ 1% ರಿಯಾಯಿತಿ, 2021ರಿಂದ. ನೋಂದಣಿ ಶುಲ್ಕ ಬೆಲೆಯ 1%, ಆದರೆ 30,000 ರೂಪಾಯಿಗೆ ಮೇಲಿಲ್ಲ. "ಒಂದು ಪರ್ಸೆಂಟಿಗೋಸ್ಕರ ಅವಳ ಹೆಸರಿಗೆ ಮಾಡಿದೆ" ಅಂತ ಭಾವ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು. ನಾನು ನಂಬಲಿಲ್ಲ. ಅಪ್ಪನ ಜಾಗ ಮಾರಿದ ಮನುಷ್ಯ ಒಂದು ಪರ್ಸೆಂಟಿಗೋಸ್ಕರ ಹೆಂಡತಿ ಹೆಸರು ಬರೆಸುತ್ತಾನೆಯೇ?

ನೋಂದಣಿ ಕಚೇರಿಯಲ್ಲಿ ನಾನೂ ಇದ್ದೆ. ಫೋಟೋ ಆಯಿತು, ಹೆಬ್ಬೆಟ್ಟು ಆಯಿತು. ಮರಾಠಿ ಕಾಗದದ ಒಂದೊಂದು ಹಾಳೆಯ ಕೆಳಗೂ ಅಕ್ಕ ಕನ್ನಡದಲ್ಲಿ ಸಹಿ ಹಾಕುತ್ತಾ ಹೋದಳು. ಗುಮಾಸ್ತ ಒಮ್ಮೆ ತಲೆಯೆತ್ತಿ ನೋಡಿದ, ಏನೂ ಅನ್ನಲಿಲ್ಲ.

ಆ ಮನೆಯ ಕಿಟಕಿಯಲ್ಲಿ ಸಮುದ್ರ ಕಾಣುವುದಿಲ್ಲ. ಕಾಣುವುದು ಎದುರು ಕಟ್ಟಡದ ಒಣಗಿದ ಬಟ್ಟೆ. ಸಮುದ್ರ ಬೇಕಾದರೆ ಕಳಂಬ್ ಬೀಚಿಗೆ ಆಟೋ ಹಿಡಿಯಬೇಕು. ಮೊದಲ ಭಾನುವಾರ ಎಲ್ಲರೂ ಹೋದೆವು. ಭಾವ ಪ್ಯಾಂಟು ಮಡಚಿ ನೀರಿಗಿಳಿದು ದಕ್ಷಿಣದ ಕಡೆ, ಊರಿನ ಕಡೆ, ಬಹಳ ಹೊತ್ತು ನೋಡಿದರು. ಅಕ್ಕನ ಕಣ್ಣು ಮಾತ್ರ ಗಡಿಯಾರದ ಮೇಲೆ.

"ಹೊರಡೋಣ. ಬೆಳಿಗ್ಗೆ ಆರಕ್ಕೆ ನೀರು ಬಿಡ್ತಾರೆ."

ಮಿತ್ರರೇ, ಮುಂಬೈಗೆ ಹೋಗಿ. 'ಮನ್ನತ್' ಗೇಟಿನ ಮುಂದೆ ಫೋಟೋ ತೆಗೆಸಿಕೊಳ್ಳಿ, ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು ಕನಸು ಕಾಣಿ, ಅದಕ್ಕೆ ಕಾಸಿಲ್ಲ. ಮನೆ ಕೊಳ್ಳುವ ದಿನ ಮಾತ್ರ ನನ್ನಂಥ ಸಿನಿಮಾ ಹುಚ್ಚನನ್ನು ಬಿಟ್ಟು ನಿಮ್ಮ ಅಕ್ಕನನ್ನು ಕರೆದುಕೊಂಡು ಹೋಗಿ!