ಪಿನ್ನು, ಹೊಲಿಗೆ ಯಂತ್ರ ಮತ್ತು ಒಂದು ಚಿಟಿಕೆ ಅರಿಶಿನ

ನಮ್ಮ ಮನೆಯ ಹೆಂಗಸರ ಕೈಬಳೆಯಲ್ಲಿ ಒಂದು ಸೇಫ್ಟಿ ಪಿನ್ನು ಯಾವಾಗಲೂ ತೂಗುತ್ತಿರುತ್ತದೆ. ನಿಮ್ಮ ಮನೆಯಲ್ಲೂ ಹಾಗೇ ಇರಬೇಕು. ಕೆಲವರು ಅದನ್ನು ತಾಳಿ ಸರಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಸೆರಗು ನಿಲ್ಲಿಸಬೇಕೆ? ಕಾಲಿಗೆ ಮುಳ್ಳು ಚುಚ್ಚಿತೆ? ಲಂಗದ ಲಾಡಿ ಒಳಗೆ ಸೇರಿಕೊಂಡಿತೆ? ಶಾಲೆಗೆ ಹೊರಟ ಹುಡುಗನ ಚಡ್ಡಿಯ ಗುಂಡಿ ಕಿತ್ತುಹೋಯಿತೆ? ಎಲ್ಲಕ್ಕೂ ಅದೇ ಮದ್ದು. ಇಷ್ಟು ಉಪಕಾರಿಯಾದ ವಸ್ತು ಎಲ್ಲಿ ಹುಟ್ಟಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಮೇಷ್ಟರ ಕೆಲಸದಿಂದ ನಿವೃತ್ತನಾಗಿ, ಕೈಯಲ್ಲಿ ಬಿಡುವು ಬಂದ ಮೇಲೆ ಇದನ್ನೆಲ್ಲ ಹುಡುಕಿ ಓದಿದೆ.

ಈ ಪಿನ್ನಿನ ಹಿಂದೆ ಇರುವವನು ಅಮೆರಿಕದ ವಾಲ್ಟರ್ ಹಂಟ್. 1796ರಲ್ಲಿ ಹುಟ್ಟಿದವನು. ತಲೆ ತುಂಬ ಹೊಸ ಹೊಸ ಯೋಚನೆ, ಕೈ ತುಂಬ ಸಾಲ. 1849ರಲ್ಲಿ ಅವನು ಒಬ್ಬರಿಗೆ 15 ಡಾಲರ್ ಕೊಡಬೇಕಾಗಿತ್ತಂತೆ. ಹೇಗೆ ತೀರಿಸುವುದು ಎಂದು ಯೋಚಿಸುತ್ತಾ ಒಂದು ತುಂಡು ತಂತಿಯನ್ನು ಬೆರಳಲ್ಲಿ ತಿರುಚುತ್ತಾ ಕುಳಿತವನಿಗೆ, ಕೆಲವೇ ಗಂಟೆಗಳಲ್ಲಿ ಈ ಪಿನ್ನು ಹೊಳೆಯಿತು ಎಂದು ಹೇಳುತ್ತಾರೆ. ಒಂದೇ ತಂತಿ. ಒಂದು ತುದಿಯಲ್ಲಿ ಸುರುಳಿ, ಅದೇ ಸ್ಪ್ರಿಂಗು. ಇನ್ನೊಂದು ತುದಿಯಲ್ಲಿ ಮೊನೆಯನ್ನು ಹಿಡಿದು ಮುಚ್ಚುವ ಕೊಂಡಿ. ಬಟ್ಟೆಗೆ ಚುಚ್ಚುವ ಪಿನ್ನುಗಳು ಅದಕ್ಕೂ ಮುಂಚೆ ಇದ್ದವು. ಸಾವಿರಾರು ವರ್ಷಗಳ ಹಿಂದೆ ಗ್ರೀಕರು, ರೋಮನ್ನರು ಕಂಚಿನ ಪಿನ್ನಿನಿಂದ ಮೇಲುಹೊದಿಕೆಯನ್ನು ಕೂಡಿಸಿಕೊಳ್ಳುತ್ತಿದ್ದರು. ಆದರೆ ಈ ಸುರುಳಿಯೂ ಕೊಂಡಿಯೂ ಸೇರಿದ ರಚನೆ ತನ್ನದು ಎಂದು ಹಂಟ್ ಅರ್ಜಿ ಹಾಕಿದ. 1849ರ ಏಪ್ರಿಲ್ 10ರಂದು ಅವನಿಗೆ 6281ನೇ ನಂಬರಿನ ಪೇಟೆಂಟ್ ಸಿಕ್ಕಿತು. ಅದರ ಹಕ್ಕನ್ನು 400 ಡಾಲರಿಗೆ ಮಾರಿ, ಸಾಲ ತೀರಿಸಿ, ಮುಂದಿನ ಕೆಲಸಕ್ಕೆ ಹೋದ. ಆಮೇಲೆ ಲಾಭ ಮಾಡಿಕೊಂಡವರು ಬೇರೆಯವರು.

ಪೇಟೆಂಟ್ ಎಂದರೇನು ಎಂದು ಮಕ್ಕಳು ಕೇಳಬಹುದು. ಅದು ಸರ್ಕಾರಕ್ಕೂ ಕಂಡುಹಿಡಿದವನಿಗೂ ನಡುವಿನ ಒಂದು ಒಪ್ಪಂದ. "ನಿನ್ನ ಹೊಸ ಗುಟ್ಟನ್ನು ಚಿತ್ರ ಸಮೇತ ಬರೆದುಕೊಡು, ಎಲ್ಲರಿಗೂ ತಿಳಿಯಲಿ. ಅದಕ್ಕೆ ಪ್ರತಿಯಾಗಿ ಇಷ್ಟು ವರ್ಷ ನಿನ್ನ ಅಪ್ಪಣೆ ಇಲ್ಲದೆ ಯಾರೂ ಅದನ್ನು ಮಾಡಿ ಮಾರದಂತೆ ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತದೆ ಸರ್ಕಾರ. ನಮ್ಮ ದೇಶದಲ್ಲಿ ಈಗ ಆ ಅವಧಿ 20 ವರ್ಷ. ಅದು ಮುಗಿದ ಮೇಲೆ ಆ ವಿದ್ಯೆ ಎಲ್ಲರದೂ. ಭಾರತದಲ್ಲಿ ಇಂಥ ಹಕ್ಕು ಕೋರಿ ಮೊದಲ ಅರ್ಜಿ ಬಂದದ್ದು 1856ರಲ್ಲಿ. ಕಲ್ಕತ್ತೆಯ ಜಾರ್ಜ್ ಆಲ್‌ಫ್ರೆಡ್ ಡಿಪೆನ್ನಿಂಗ್ ಎಂಬ ಎಂಜಿನಿಯರ್ ಹಾಕಿದ್ದು. ಯಾವುದಕ್ಕೆ ಗೊತ್ತೆ? ಪಂಕಾ ಎಳೆಯುವ ಯಂತ್ರಕ್ಕೆ! ಆಗ ದೊರೆಗಳ ಕೋಣೆಯಲ್ಲಿ ಸೂರಿಗೆ ತೂಗುಹಾಕಿದ ದೊಡ್ಡ ಬಟ್ಟೆಯ ಪಂಕಾವನ್ನು ಆಳುಗಳು ಹಗ್ಗದಿಂದ ಎಳೆಯುತ್ತಾ ಕೂರಬೇಕಾಗಿತ್ತು.

ಒಪ್ಪಂದ ಬೇಕೆಂದರೆ ಒಂದು ಷರತ್ತಿದೆ. ಕಾಗದ ಇರಬೇಕು, ಅದರ ಮೇಲೆ ತಾರೀಖು ಇರಬೇಕು. ಇದಕ್ಕೂ ಹಂಟನ ಕಥೆಯೇ ಒಳ್ಳೆಯ ಉದಾಹರಣೆ.

ಪಿನ್ನಿಗಿಂತ ಹದಿನೈದು ವರ್ಷ ಮೊದಲು, 1834ರ ಸುಮಾರಿಗೆ, ಅವನು ಒಂದು ಹೊಲಿಗೆ ಯಂತ್ರ ಮಾಡಿದ್ದ. ಅದರ ಗುಟ್ಟು ಸೂಜಿಯಲ್ಲಿತ್ತು. ನಿಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿದ್ದರೆ ಹೋಗಿ ನೋಡಿ, ಇಲ್ಲದಿದ್ದರೆ ಬೀದಿಯ ಟೈಲರ್ ಅಂಗಡಿಯಲ್ಲಿ ನೋಡಿ. ಅಜ್ಜಿಯ ಕೈಸೂಜಿಗೆ ಕಣ್ಣು ಇರುವುದು ಹಿಂದಿನ ತುದಿಯಲ್ಲಿ. ಯಂತ್ರದ ಸೂಜಿಗೆ ಕಣ್ಣು ಇರುವುದು ಮೊನೆಯ ಪಕ್ಕದಲ್ಲೇ! ಆ ಸೂಜಿ ಮೇಲಿನ ದಾರವನ್ನು ಬಟ್ಟೆಯೊಳಗೆ ಇಳಿಸಿ ಒಂದು ಕುಣಿಕೆ ಮಾಡುತ್ತದೆ. ಕೆಳಗಿನ ದಾರ ಆ ಕುಣಿಕೆಯಲ್ಲಿ ತೂರಿಹೋಗುತ್ತದೆ. ಎರಡೂ ದಾರ ಒಂದನ್ನೊಂದು ಬಿಗಿದುಕೊಳ್ಳುತ್ತವೆ. ಕೈಹೊಲಿಗೆಯನ್ನು ಹಾಗೆಯೇ ಅನುಕರಿಸಲು ಹೋದವರೆಲ್ಲ ಸೋತರು. ಸೂಜಿಯ ಕಣ್ಣನ್ನೇ ಸ್ಥಳ ಬದಲಾಯಿಸಿದ್ದರಿಂದ ದಾರಿ ತೆರೆಯಿತು.

ಇಂಥ ಯಂತ್ರ ಮಾಡಿಯೂ ಹಂಟ್ ಪೇಟೆಂಟಿಗೆ ಅರ್ಜಿ ಹಾಕಲಿಲ್ಲ. ಈ ಯಂತ್ರದಲ್ಲಿ ಉಡುಪು ಹೊಲಿದು ಮಾರಬಾರದೇಕೆ ಎಂದು ಅವನು ಮಗಳು ಕ್ಯಾರೊಲಿನ್‌ಳನ್ನು ಕೇಳಿದನಂತೆ. ಬೇಡಪ್ಪ, ಸೂಜಿ ಹಿಡಿದೇ ಹೊಟ್ಟೆ ಹೊರೆಯುವ ಬಡ ಹೆಂಗಸರ ಕೆಲಸ ಹೋಗುತ್ತದೆ ಎಂದಳಂತೆ ಅವಳು. ಹಂಟ್ ಅದನ್ನು ಅಲ್ಲಿಗೇ ಬಿಟ್ಟ ಎನ್ನುತ್ತಾರೆ.

ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಏಕೆಂದರೆ ನನ್ನನ್ನೂ ನನ್ನ ಅಕ್ಕನನ್ನೂ ಸಾಕಿದ್ದು ಒಂದು ಹೊಲಿಗೆ ಯಂತ್ರ. ಅಪ್ಪ ತೀರಿಕೊಂಡಾಗ ನಾನು ಐದನೇ ಕ್ಲಾಸು. ಅಮ್ಮ ಕೈಬಳೆ ಮಾರಿ, ಉಳಿದದ್ದನ್ನು ಕಂತಿನಲ್ಲಿ ಕಟ್ಟಿ, ಕಾಲಲ್ಲಿ ತುಳಿಯುವ ಒಂದು ಯಂತ್ರ ತಂದಳು. ಕಪ್ಪು ಮೈ, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ. ಗೌರಿ ಹಬ್ಬ ಹತ್ತಿರ ಬಂದರೆ ರಾತ್ರಿಯಿಡೀ ಅದರ ಸದ್ದು. ಆ ಸದ್ದು ನಿಂತರೇ ನನಗೆ ಎಚ್ಚರವಾಗುತ್ತಿತ್ತು. ಕ್ಯಾರೊಲಿನ್ ಹೇಳಿದ್ದು ಸುಳ್ಳಲ್ಲ. ಯಂತ್ರ ಬಂದಾಗ ಎಷ್ಟೋ ಕೈಗಳ ಕೆಲಸ ಹೋಗಿದೆ. ಆದರೆ ಅದೇ ಯಂತ್ರ ನಮ್ಮ ಅಮ್ಮನಂಥವರಿಗೆ ಯಾರ ಮುಂದೆಯೂ ಕೈಚಾಚದೆ ಬದುಕುವ ದಾರಿಯನ್ನೂ ಕೊಟ್ಟಿತು. ಎರಡೂ ನಿಜವೇ.

ಮುಂದೇನಾಯಿತು ನೋಡಿ. ಎಲಿಯಾಸ್ ಹೋವ್ ಎಂಬ ಇನ್ನೊಬ್ಬ ಅಮೆರಿಕದವನು ತಾನೇ ಕಷ್ಟಪಟ್ಟು ಅಂಥದ್ದೇ ಯಂತ್ರ ಮಾಡಿ, 1846ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಐಸಾಕ್ ಸಿಂಗರ್ ಎಂಬುವನು ಸುಧಾರಿಸಿದ ಯಂತ್ರಗಳನ್ನು ಮಾರತೊಡಗಿದಾಗ ಹೋವ್ ಮೊಕದ್ದಮೆ ಹೂಡಿದ. ಸಿಂಗರನ ಕಡೆಯವರು ಹುಡುಕಿ ಹುಡುಕಿ ಹಂಟನನ್ನು ಕರೆತಂದು, "ಇದನ್ನು ಮೊದಲು ಮಾಡಿದವನು ಹೋವ್ ಅಲ್ಲ, ಇವನು" ಎಂದರು. 1854ರಲ್ಲಿ ಪೇಟೆಂಟ್ ಕಚೇರಿ ತೀರ್ಮಾನ ಹೇಳಿತು. ಮೊದಲು ಮಾಡಿದವನು ಹಂಟ್ ಎಂಬುದನ್ನು ಅದು ಒಪ್ಪಿತು. ಆದರೆ ಅವನು ಸಕಾಲದಲ್ಲಿ ಅರ್ಜಿ ಹಾಕಿಲ್ಲ, ಆದ್ದರಿಂದ ಹಕ್ಕು ಹೋವ್‌ನದೇ ಎಂದಿತು. ಹೋವ್ ಶ್ರೀಮಂತನಾದ. ಸಿಂಗರ್ ಕೂಡ ಶ್ರೀಮಂತನಾದ. ಹಂಟ್ 1859ರಲ್ಲಿ ತೀರಿಕೊಂಡ.

ಸಿಂಗರನ ಪೇಟೆಂಟುಗಳ ಕಾಲ ಎಂದೋ ಮುಗಿದುಹೋಗಿದೆ. ಹೆಸರು ಮಾತ್ರ ಇಂದಿಗೂ ಯಂತ್ರಗಳ ಮೇಲಿದೆ. ಅದು ಟ್ರೇಡ್‌ಮಾರ್ಕ್. ಅದು ವಸ್ತು ಮಾಡುವ ಗುಟ್ಟಲ್ಲ, ಮಾಡಿದವರ ಗುರುತು. ಪೇಟೆಂಟಿಗೆ ಆಯುಸ್ಸು ಇದೆ. ಟ್ರೇಡ್‌ಮಾರ್ಕನ್ನು ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಮೇಲಿರುವ ಆನೆಯ ತಲೆ, ಸಿಂಹದ ಮೈಯ ಶರಭ ಅಂಥದ್ದೊಂದು ಗುರುತು. ಮೈಸೂರು ಸರ್ಕಾರ ಆರಂಭಿಸಿದ ಸೋಪಿನ ಕಾರ್ಖಾನೆಯ ಆ ಪರಂಪರೆ ಈಗಲೂ ನಡೆದುಬಂದಿದೆ.

ಹೊಸದನ್ನು ಕಂಡುಹಿಡಿದವನ ಮಾತಾಯಿತು. ನಮ್ಮ ಮನೆಯ ಹಳೆಯ ವಿದ್ಯೆಗೇ ಯಾರಾದರೂ "ಹೊಸದು" ಎಂದು ಹಕ್ಕು ಪಡೆದರೆ?

ಹಾಗೆ ಆಗಿದೆ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು. ಯಾವುದಕ್ಕೆಂದರೆ, ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ! ಆಟದ ಮೈದಾನದಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗಲೆಲ್ಲ ನನ್ನ ಅಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದಳು. ಈ ಪತ್ರಿಕೆ ಓದುವ ಅಜ್ಜಿಯರಲ್ಲಿ ಅದನ್ನು ಮಾಡದವರು ಯಾರಿದ್ದಾರೆ?

ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಆಗ ಸುಮ್ಮನಿರಲಿಲ್ಲ. ಅದರ ಮುಖ್ಯಸ್ಥರಾಗಿದ್ದ ವಿಜ್ಞಾನಿ ರಘುನಾಥ ಮಾಶೇಲ್ಕರ್ ಅವರು ಈ ಪೇಟೆಂಟನ್ನು ಪ್ರಶ್ನಿಸಲು ಮುಂದಾದರು. ಆದರೆ ಒಂದು ತೊಡಕಿತ್ತು. ಆಗಿನ ಅಮೆರಿಕದ ಕಾನೂನಿನ ಪ್ರಕಾರ, ಹೊರದೇಶದಲ್ಲಿ ಒಂದು ವಿದ್ಯೆ ಬಳಕೆಯಲ್ಲಿದೆ ಎಂದರೆ ಸಾಲದು, ಅದು ಅಚ್ಚಾಗಿರಬೇಕು. ಕೋಟಿ ಅಜ್ಜಿಯರು ಬಂದು ಸಾಕ್ಷಿ ಹೇಳಿದರೂ ಲೆಕ್ಕಕ್ಕಿಲ್ಲ, ಒಂದು ಹಳೆಯ ಪುಸ್ತಕದ ಹಾಳೆ ಇದ್ದರೆ ಲೆಕ್ಕಕ್ಕಿದೆ! ಮಂಡಳಿಯವರು ಸಂಸ್ಕೃತ, ಹಿಂದಿ, ಉರ್ದು ಪುಸ್ತಕಗಳನ್ನು ಜಾಲಾಡಿದರು. ಕೆಲವು ನೂರು ವರ್ಷಕ್ಕೂ ಹಳೆಯವು. 1953ರ ವೈದ್ಯಕೀಯ ಪತ್ರಿಕೆಯ ಒಂದು ಲೇಖನವೂ ಸಿಕ್ಕಿತು. ಒಟ್ಟು 32 ಆಧಾರಗಳನ್ನು ಮುಂದಿಟ್ಟರು. 1997ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ, ಇದರಲ್ಲಿ ಹೊಸದೇನೂ ಇಲ್ಲ ಎಂದು ಒಪ್ಪಿ ಆ ಹಕ್ಕನ್ನು ತಳ್ಳಿಹಾಕಿತು.

ಮುಂದೆ ಇಂಥದ್ದು ನಡೆಯದಿರಲಿ ಎಂದು 2001ರಲ್ಲಿ ನಮ್ಮವರು ಒಂದು ದೊಡ್ಡ ಕೆಲಸ ಶುರುಮಾಡಿದರು. ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳಲ್ಲಿರುವ ಔಷಧಗಳನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಕಂಪ್ಯೂಟರಿಗೆ ಹಾಕಿಟ್ಟರು. ಇದೇ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ. ಎರಡು ಲಕ್ಷಕ್ಕೂ ಹೆಚ್ಚು ಔಷಧ ಪಾಠಗಳು ಅದರಲ್ಲಿ ಸೇರಿವೆ. ಬೇರೆ ಬೇರೆ ದೇಶಗಳ ಪೇಟೆಂಟ್ ಕಚೇರಿಗಳು ಹಕ್ಕು ಕೊಡುವ ಮೊದಲು ಅದನ್ನು ತೆರೆದು ನೋಡುತ್ತವೆ. ನಮ್ಮ ದೇಶದ ಪೇಟೆಂಟ್ ಕಾನೂನಿನಲ್ಲೂ ಸಾಂಪ್ರದಾಯಿಕ ಜ್ಞಾನವನ್ನು ಹೊಸ ಆವಿಷ್ಕಾರ ಎಂದು ಒಪ್ಪುವುದಿಲ್ಲ.

ಆದರೆ ಇದೆಲ್ಲ ಗ್ರಂಥಗಳಲ್ಲಿ ಇದ್ದದ್ದರ ಮಾತು. ಬಾಯಿಂದ ಬಾಯಿಗೆ ಬಂದದ್ದರ ಗತಿ? ಅದು ಹೇಳುವವರು ಇರುವವರೆಗೆ ಮಾತ್ರ.

ನಮ್ಮ ಅಮ್ಮನ ಹತ್ತಿರ ಒಂದು ಅಳತೆ ಪುಸ್ತಕವಿತ್ತು. ಯಾರ ರವಿಕೆಗೆ ಎಷ್ಟು ತೋಳು, ಎಷ್ಟು ಸುತ್ತಳತೆ ಎಂದು ತಾರೀಖು ಸಮೇತ ಬರೆದಿಡುತ್ತಿದ್ದಳು. ತಲೆಯ ಮೇಲೆ ಹೊರೆ ಹೊರುವ ಹೆಂಗಸರ ರವಿಕೆ ಕಂಕುಳಲ್ಲಿ ಬೇಗ ಹರಿಯುತ್ತದೆ. ಅವರಿಗೆ ಅಮ್ಮ ಕಂಕುಳಲ್ಲಿ ಒಂದು ಚೌಕದ ತುಂಡನ್ನು ಓರೆಯಾಗಿ ಸೇರಿಸಿ ಕೊಡುತ್ತಿದ್ದಳು. ಕೈ ಎಷ್ಟು ಮೇಲೆತ್ತಿದರೂ ಹರಿಯುತ್ತಿರಲಿಲ್ಲ. ಇದನ್ನು ಅವಳಿಗೆ ಕಲಿಸಿದ್ದು ಅವಳ ಸೋದರತ್ತೆ. ಒಂದು ಬೇಸಿಗೆ ರಜೆಯಲ್ಲಿ ಅಕ್ಕ ಅಮ್ಮನ ಪಕ್ಕ ಕುಳಿತು, ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಆ ಕತ್ತರಿಕೆಯ ಚಿತ್ರ ಬರೆದುಕೊಂಡಳು. ಅದರ ಕೆಳಗೆ ಅಮ್ಮ ಹೇಳಿದಂತೆಯೇ ಕೆಮ್ಮಿನ ಕಷಾಯ, ಹುರುಳಿ ಕಟ್ಟಿನ ಸಾರು, ದಪ್ಪ ಬಟ್ಟೆಗೆ ಸೂಜಿ ಮುರಿಯದಂತೆ ಹೊಲಿಯುವ ಉಪಾಯ ಎಲ್ಲವನ್ನೂ ಬರೆದಳು. ಅಮ್ಮ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅವಳ ನೂರು ಕೈಚಳಕಗಳಲ್ಲಿ ಇಂದು ನಮ್ಮ ಹತ್ತಿರ ಉಳಿದಿರುವುದು ಆ ಆರು ಹಾಳೆಗಳಲ್ಲಿ ಇರುವಷ್ಟೇ.

ಮಕ್ಕಳೇ, ಈ ರಜೆಯಲ್ಲಿ ನಲವತ್ತು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅಜ್ಜ ಅಜ್ಜಿಯರ ಬಳಿ ಕುಳಿತು, ಅವರಿಗೆ ಮಾತ್ರ ಗೊತ್ತಿರುವ ಒಂದೊಂದು ಕೆಲಸವನ್ನು ಕೇಳಿ. ಮಡಕೆ ಸೀಳಿದರೆ ಹೇಗೆ ಮುಚ್ಚುತ್ತಿದ್ದರು, ಬಿತ್ತನೆ ರಾಗಿಗೆ ಹುಳ ಬೀಳದಂತೆ ಏನು ಮಾಡುತ್ತಿದ್ದರು, ಯಾವ ನೋವಿಗೆ ಯಾವ ಸೊಪ್ಪು. "ಒಂದು ಚಿಟಿಕೆ" ಎಂದರೆ ಬಿಡಬೇಡಿ, ಚಮಚದಲ್ಲಿ ಅಳೆದು ಬರೆಯಿರಿ. ಯಾರು ಹೇಳಿದರು, ಅವರಿಗೆ ಯಾರು ಕಲಿಸಿದರು, ಯಾವ ಊರು, ಯಾವ ತಾರೀಖು, ಇವಿಷ್ಟೂ ಇರಲಿ. ಮದ್ದುಗಳನ್ನು ಬರೆದಿಡಿ, ಆದರೆ ಡಾಕ್ಟರನ್ನು ಕೇಳದೆ ಪ್ರಯೋಗ ಮಾಡಬೇಡಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ಮೊಮ್ಮಕ್ಕಳು ಕೇಳಲು ಬಂದಾಗ "ಅದೇನು ಮಹಾ ವಿದ್ಯೆ ಬಿಡೋ, ಎಲ್ಲರಿಗೂ ಗೊತ್ತಿರೋದೆ" ಎನ್ನಬೇಡಿ. ಅರಿಶಿನವೂ ಎಲ್ಲರಿಗೂ ಗೊತ್ತಿದ್ದದ್ದೇ ಅಲ್ಲವೆ? ಕನ್ನಡಕ ಹಾಕಿಕೊಂಡು, ಮಗು ಬರೆದದ್ದನ್ನು ಒಮ್ಮೆ ಓದಿ, ತಪ್ಪಿದ್ದರೆ ತಿದ್ದಿ, ಕೆಳಗೆ ನಿಮ್ಮ ರುಜು ಹಾಕಿಕೊಡಿ.