ಸಾಕ್ಷಿಯ ಸಾಲಿನಲ್ಲಿ

ಎಂಟು ಗಂಟೆ ಹೊಡೆಯುವ ಮೊದಲೇ ಬಂದಿರಿ, ಒಳ್ಳೆಯದಾಯಿತು. ಇನ್ನೊಂದಿಷ್ಟು ಹೊತ್ತಾಗಿದ್ದರೆ ಮ್ಯಾಂಚೆಸ್ಟರಿನ ಕಲೀಜಿಯೇಟ್ ಚರ್ಚಿನೊಳಗೆ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಇವತ್ತು 1815ರ ಈಸ್ಟರ್ ಸೋಮವಾರ. ಕೂಲಿ ಕಳೆದುಕೊಳ್ಳದೆ ಮದುವೆಯಾಗಲು ಬಡವರಿಗೆ ಸಿಗುವುದು ಇಂಥ ಹಬ್ಬದ ಬಿಡುವೇ. ಎಲ್ಲವೂ ಹನ್ನೆರಡರೊಳಗೆ ಮುಗಿಯಬೇಕು. ಮಧ್ಯಾಹ್ನವಾದ ಮೇಲೆ ಮದುವೆ ಮಾಡಿಸಲು ಚರ್ಚಿನ ನಿಯಮ ಬಿಡುವುದಿಲ್ಲ.

ಪಾದ್ರಿ ಜೋಶುವಾ ಬ್ರೂಕ್ಸ್ ಬಂದರು. ಕಟಕಟೆಯ ಉದ್ದಕ್ಕೂ ಸಾಲಾಗಿ ನಿಂತ ಹುಡುಗ ಹುಡುಗಿಯರಿಗೆಲ್ಲ ಒಂದೇ ಸಲ ಪ್ರಾರ್ಥನೆ ಓದುತ್ತಿದ್ದಾರೆ. ಹಿಂದೊಮ್ಮೆ ಗದ್ದಲದಲ್ಲಿ ಜೋಡಿ ಅದಲುಬದಲಾಯಿತೆಂದು ಯಾರೋ ಕೂಗಿದಾಗ, ಹೊರಗೆ ಹೋಗುವಾಗ ನಿಮ್ಮ ನಿಮ್ಮವರ ಜೊತೆ ಸೇರಿಕೊಳ್ಳಿ ಎಂದು ಅವರು ಗದರಿಸಿದರಂತೆ. ಊರಲ್ಲಿ ಆ ಕತೆ ಇನ್ನೂ ಓಡಾಡುತ್ತಿದೆ.

ಈ ಗುಂಪಿನಲ್ಲಿ ಬ್ಯಾಪ್ಟಿಸ್ಟರೂ ಇದ್ದಾರೆ, ಕ್ಯಾಥೊಲಿಕರೂ ಇದ್ದಾರೆ. ಅವರಿಗೆ ಬೇರೆ ದಾರಿಯಿಲ್ಲ. 1754ರ ಮಾರ್ಚ್ 25ರಂದು ಜಾರಿಗೆ ಬಂದ ಹಾರ್ಡ್‌ವಿಕ್ ಕಾನೂನಿನ ಪ್ರಕಾರ, ಯೆಹೂದಿಗಳು ಮತ್ತು ಕ್ವೇಕರರನ್ನು ಬಿಟ್ಟರೆ, ಉಳಿದ ಪ್ರಜೆಗಳೆಲ್ಲ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕು. ಅದಕ್ಕೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ತಮ್ಮ ಹೆಸರು ಕೂಗಿಸಬೇಕು, ಇಲ್ಲವೇ ಹಣ ಕೊಟ್ಟು ಲೈಸೆನ್ಸ್ ತರಬೇಕು. ಹಾಗಾಗಿ ನಿಮ್ಮ ವಂಶದ ಹುಡುಕಾಟದಲ್ಲಿ ಮುತ್ತಜ್ಜ ಈ ಚರ್ಚಿನ ರಿಜಿಸ್ಟರಿನಲ್ಲಿ ಸಿಕ್ಕನೆಂದ ಮಾತ್ರಕ್ಕೆ ಆತ ಆಂಗ್ಲಿಕನ್ ಆಗಿದ್ದನೆಂದು ಬರೆದುಕೊಳ್ಳಬೇಡಿ.

ಮದುವೆ ಮುಗಿಸಿದ ಒಂದು ಜೋಡಿಯ ಹಿಂದೆ ಪಕ್ಕದ ಕೋಣೆಗೆ ಬನ್ನಿ. ಮೇಜಿನ ಮೇಲೆ ಅಚ್ಚು ಹಾಕಿದ ದೊಡ್ಡ ಪುಸ್ತಕ ತೆರೆದಿದೆ. ಹುಡುಗ ಕಷ್ಟಪಟ್ಟು ಹೆಸರು ಬರೆದ. ಹುಡುಗಿ ಲೇಖನಿ ಹಿಡಿದಿದ್ದು ಇದೇ ಮೊದಲಿರಬೇಕು, ಬೆರಳು ನಡುಗುತ್ತಿದೆ. ಅವಳು ಎಳೆದ ಗೀಟುಗಳು ಒಂದನ್ನೊಂದು ಅಡ್ಡ ಹಾಯ್ದವು. ಆ ಗುರುತಿನ ಎಡಕ್ಕೆ ಅವಳ ಹೆಸರನ್ನೂ ಬಲಕ್ಕೆ ಮನೆತನದ ಹೆಸರನ್ನೂ ಗುಮಾಸ್ತ ತನಗೆ ಕೇಳಿಸಿದ ಹಾಗೆ ಬರೆದ. ಹೆಸರಿನ ಕಾಗುಣಿತ ಅವಳದಲ್ಲ, ಅವನದು. ಕೆಳಗೆ ಸಾಕ್ಷಿಗಳ ಸಾಲಿನಲ್ಲೂ ಅವನೇ ಸಹಿ ಹಾಕಿದ. ಹಿಂದಿನ ಪುಟ ತಿರುಗಿಸಿ ನೋಡಿ, ಅಲ್ಲೂ ಅವನ ಸಹಿಯೇ. ಈತ ಯಾರ ನೆಂಟನೂ ಅಲ್ಲ.

ಇಬ್ಬರನ್ನೂ ಈ ಪ್ಯಾರಿಷ್‌ನವರು, ಅಂದರೆ ಈ ಚರ್ಚಿನ ವ್ಯಾಪ್ತಿಯಲ್ಲಿ ವಾಸಿಸುವವರು ಎಂದು ಬರೆಯಲಾಗಿದೆ. ನಿಜವೇ? ಇಷ್ಟು ಜನರ ಮನೆ ವಿಳಾಸ ವಿಚಾರಿಸಲು ಯಾರಿಗೆ ಪುರುಸೊತ್ತು? ಸುಳ್ಳು ಹೇಳಿದರೂ ಅಪಾಯವಿಲ್ಲ, ಏಕೆಂದರೆ ಮದುವೆ ಮುಗಿದ ಮೇಲೆ ಅವರು ಇಲ್ಲಿ ವಾಸವಿರಲಿಲ್ಲ ಎಂಬ ಕಾರಣಕ್ಕೆ ಅದನ್ನು ರದ್ದು ಮಾಡಲು ಅದೇ ಕಾನೂನು ಬಿಡುವುದಿಲ್ಲ. ಹುಡುಗಿಗೆ ಇಪ್ಪತ್ತೊಂದು ತುಂಬಿಲ್ಲದಿದ್ದರೂ, ಹೆಸರು ಕೂಗುವಾಗ ಅಪ್ಪ ಎದ್ದು ನಿಂತು ಬೇಡ ಎನ್ನದಿದ್ದರೆ ಮದುವೆ ಗಟ್ಟಿ. ಹಳ್ಳಿಯಲ್ಲಿರುವ ಅಪ್ಪನಿಗೆ ಮ್ಯಾಂಚೆಸ್ಟರಿನ ಕೂಗು ಕೇಳಿಸುವುದಾದರೂ ಹೇಗೆ! ಊರಿನ ಪುಟ್ಟ ಚರ್ಚು ಬಿಟ್ಟು ಇವರು ಇಲ್ಲಿಗೆ ನಡೆದುಬಂದ ಕಾರಣ ಪುಸ್ತಕದಲ್ಲಿ ಇರುವುದಿಲ್ಲ, ಕಾನೂನಿನಲ್ಲಿ ಇರುತ್ತದೆ.

ಈಗ 1840ಕ್ಕೆ ಬನ್ನಿ. 1837ರ ಜುಲೈ 1ರಿಂದ ಸರ್ಕಾರವೇ ಜನನ, ಮರಣ, ಮದುವೆಗಳನ್ನು ದಾಖಲಿಸುತ್ತಿದೆ. ಪಾದ್ರಿ ಬೇಡ ಎನ್ನುವವರು ರಿಜಿಸ್ಟರ್ ಆಫೀಸಿಗೆ ಹೋಗಬಹುದು. ಆದರೆ ಅಲ್ಲಿಗೆ ಮುಟ್ಟುವ ಮುಂಚೆ ಇನ್ನೊಂದು ಕೋಣೆ ದಾಟಬೇಕು. ಉದ್ದನೆಯ ಮೇಜಿನ ಸುತ್ತ ಕುಳಿತವರು ಬಡವರ ಪರಿಹಾರ ನೋಡಿಕೊಳ್ಳುವ ಮಂಡಳಿಯವರು. ಯಾರನ್ನು ವರ್ಕ್‌ಹೌಸಿಗೆ (ಬಡವರ ದುಡಿಮೆ ಮನೆಗೆ) ಸೇರಿಸಬೇಕು, ಯಾವ ವಿಧವೆಗೆ ಎಷ್ಟು ರೊಟ್ಟಿ ಕೊಡಬೇಕು ಎಂಬ ಚರ್ಚೆಯ ನಡುವೆ ಗುಮಾಸ್ತ ಎದ್ದು ಮದುವೆಯಾಗಲಿರುವವರ ಹೆಸರು ಓದುತ್ತಾನೆ. ವಾರಕ್ಕೊಂದು ಸಭೆ, ಮೂರು ಸಭೆಗಳಲ್ಲಿ ಓದಬೇಕು. ದುಡಿದು ತಿನ್ನುವ ಮಾನವಂತ ಜನರಿಗೆ ಇದೆಂಥ ಅವಮಾನ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1856ರ ಕಾನೂನು ಈ ಓದನ್ನು ನಿಲ್ಲಿಸಿತು. ಅಲ್ಲಿಯವರೆಗೆ, ನಂಬಿಕೆಯಿಲ್ಲದೆಯೂ ಚರ್ಚಿನ ಮೆಟ್ಟಿಲು ಹತ್ತಿದವರು ಎಷ್ಟು ಜನರೋ.

ಹೊಸ ಪುಸ್ತಕದಲ್ಲಿ ಕಾಲಮ್ಮುಗಳು ಹೆಚ್ಚಿವೆ: ವಯಸ್ಸು, ಕಸುಬು, ತಂದೆಯ ಹೆಸರು, ತಂದೆಯ ಕಸುಬು. ವಯಸ್ಸಿನ ಕಡೆ ಪೂರ್ಣ ವಯಸ್ಸು ಎಂದಷ್ಟೇ ಇದ್ದರೆ ಇಪ್ಪತ್ತೊಂದು ದಾಟಿದೆ ಎಂದರ್ಥ; ನಲವತ್ತೂ ಇರಬಹುದು. ತಂದೆಯ ಜಾಗ ಖಾಲಿಯಿದ್ದರೆ ಹುಟ್ಟಿಸಿದವನು ಮದುವೆಯಾಗದೆ ಹೋಗಿದ್ದಾನೆಂದು ಊಹಿಸಬಹುದು. ಕೆಲವರು ಆ ಖಾಲಿ ಜಾಗಕ್ಕೆ ನಾಚಿ ಇಲ್ಲದ ಅಪ್ಪನನ್ನೇ ಸೃಷ್ಟಿಸಿದ್ದಾರೆ.

ಇಗೋ, ಇಲ್ಲೊಬ್ಬ ವಿಧುರ. ಪಕ್ಕದಲ್ಲಿ ನಿಂತಿರುವವಳ ಮನೆತನದ ಹೆಸರು ತೀರಿಕೊಂಡ ಮೊದಲ ಹೆಂಡತಿಯದೇ. ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗಲಿ ಎಂದು ಅಕ್ಕನ ಜಾಗಕ್ಕೆ ತಂಗಿಯನ್ನು ತಂದುಕೊಳ್ಳುವುದು ನಮ್ಮೂರುಗಳಲ್ಲಿ ಕಂಡಿರುವ ಮಾತು. ಇಂಗ್ಲೆಂಡಿನಲ್ಲಿ 1835ರಿಂದ 1907ರವರೆಗೆ ಅಂಥ ಮದುವೆ ಕಾನೂನಿನ ಲೆಕ್ಕಕ್ಕೆ ಮದುವೆಯೇ ಅಲ್ಲ. ಅದಕ್ಕೇ ಇವರು ಗುರುತು ಪರಿಚಯವಿಲ್ಲದ ದೊಡ್ಡ ಊರಿಗೆ ಬಂದಿದ್ದಾರೆ. ತಮ್ಮೂರಿನ ಪಾದ್ರಿ ಅಕ್ಕನ ಸಮಾಧಿಯ ಮುಂದೆ ನಿಂತವರು. ಅವರ ಮುಖ ನೋಡಿ ಇದನ್ನು ಕೇಳುವುದು ಹೇಗೆ? ಪುಸ್ತಕದ ಆ ಗೆರೆಯಲ್ಲಿ ಕಳ್ಳತನ ಹುಡುಕಬೇಡಿ. ಅಲ್ಲಿರುವುದು ತಬ್ಬಲಿ ಮಕ್ಕಳ ಚಿಂತೆ.

1837ರ ಜುಲೈ ನಂತರದ ಮದುವೆಯಾದರೆ, ಸೌತ್‌ಪೋರ್ಟಿನ ಕೇಂದ್ರ ನೋಂದಣಿ ಕಚೇರಿಯಿಂದ ಪ್ರಮಾಣಪತ್ರ ತರಿಸಿದಾಗ ಇದೆಲ್ಲ ಅಕ್ಷರಗಳಲ್ಲಿ ಸಿಗುತ್ತದೆ, ಅವರದೇ ಕೈಬರಹದಲ್ಲಿ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಾದ್ರಿ ನಕಲು ತೆಗೆದು ಕಳಿಸುತ್ತಿದ್ದರು, ಆ ಸಹಿಗಳೆಲ್ಲ ನಕಲು ಮಾಡಿದವರವು. ಹುಡುಗಿಯ ಬೆರಳು ನಡುಗಿದ್ದು ಕಾಣಬೇಕಾದರೆ ಚರ್ಚಿನಲ್ಲೇ ಉಳಿದ ಮೂಲ ಪುಸ್ತಕ ನೋಡಬೇಕು. ಅವು ಹೆಚ್ಚಾಗಿ ಈಗ ಆಯಾ ಪ್ರದೇಶದ ದಾಖಲೆ ಭಂಡಾರಗಳಲ್ಲಿವೆ. ಹೆಸರು ಕೂಗಿದ ಪುಸ್ತಕವನ್ನೂ ಬಿಡಬೇಡಿ. ವಧು ವರ ಬೇರೆ ಬೇರೆ ಪ್ಯಾರಿಷ್‌ನವರಾದರೆ ಎರಡೂ ಕಡೆ ಕೂಗಬೇಕಿತ್ತು, ಹಾಗಾಗಿ ಇನ್ನೊಬ್ಬರ ಊರು ಅದರಲ್ಲಿ ಬಯಲಾಗುತ್ತದೆ.

ಮದುವೆ ಪುಸ್ತಕದಲ್ಲಿ ತಾಯಿಯ ಹೆಸರಿಗೆ ಮಾತ್ರ ಯಾವ ಕಾಲಮ್ಮೂ ಇರಲಿಲ್ಲ. 1837ರಿಂದ 2021ರ ಮೇ 4ರವರೆಗೆ ಇಂಗ್ಲೆಂಡಿನ ಮದುವೆ ದಾಖಲೆ ಹೆತ್ತವಳನ್ನು ಕೇಳಲೇ ಇಲ್ಲ. ಆಕೆ ಆ ಕೋಣೆಯಲ್ಲಿ ನಿಂತಿದ್ದಿರಬಹುದು, ಮಗಳ ಶಾಲು ಸರಿಪಡಿಸಿದ್ದಿರಬಹುದು. ಹಾಗಾಗಿ ಗುಮಾಸ್ತನ ಸಹಿ ದಾಟಿ ಸಾಕ್ಷಿಗಳ ಸಾಲಿಗೆ ಬನ್ನಿ. ವಧುವಿನ ಮನೆತನದ ಹೆಸರಿರುವ ಹೆಂಗಸಿನ ಗುರುತು ಅಲ್ಲಿದ್ದರೆ, ಅಕ್ಕತಂಗಿ ಎಂದು ಮುಂದೆ ಸರಿಯುವ ಮೊದಲು ಜನಗಣತಿಯ ಹಾಳೆಯಲ್ಲಿ ಆ ಮನೆಯ ಯಜಮಾನಿಯ ಹೆಸರು ನೋಡಿ.