ಮೂವತ್ತು ಅಡಿ ಕೊಳವೆ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನಾನು ಎರಡು ವಾರ ಅವರ ಕಣ್ಣಿಗೆ ಬೀಳದಂತೆ ತಿರುಗಿದೆ. ಮರವಂತೆಯ ಸೂರ್ಯಾಸ್ತವನ್ನು ನನ್ನ ಮಿತ್ರನೊಬ್ಬ ಆಗಲೇ ಹಿಡಿದುಕೊಂಡಿದ್ದ. ಕೊಲ್ಲೂರಿನ ದಾರಿಯ ಕಾಡು ಇನ್ನೊಬ್ಬನ ಪಾಲಾಗಿತ್ತು. ಯಕ್ಷಗಾನಕ್ಕೆ ಮೂವರು ಕಾದು ನಿಂತಿದ್ದರು. ನೆಲದ ಮೇಲಿನ ಚೆಲುವೆಲ್ಲ ಹೀಗೆ ಹಂಚಿಹೋದ ಮೇಲೆ ನನಗೆ ಉಳಿದದ್ದು ನೆಲದ ಅಡಿ ಮಾತ್ರ. ಆದುದರಿಂದ ನಮ್ಮ ಮನೆಯ ಕಕ್ಕಸಿನಿಂದ ಹೊಂಡಕ್ಕೆ ಹೋಗುವ ಕೊಳವೆಯ ವಿಷಯವಾಗಿ ನಾಲ್ಕು ಮಾತು ಬರೆಯುತ್ತೇನೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಪುಟ ತಿರುವಬಹುದು. ಆದರೆ ಅವರ ಮನೆಯಲ್ಲಿಯೂ ಇಂಥದೊಂದು ಕೊಳವೆ ಇದ್ದೇ ಇದೆಯೆಂಬುದನ್ನು ಮರೆಯಬಾರದು.

'ಕಕ್ಕಸು' ಎಂಬ ಮಾತನ್ನು ಬರೆಯಲು ಸಂಕೋಚಪಡಬೇಕಾಗಿಲ್ಲ. ಅದು ಡಚ್ಚರ ಭಾಷೆಯಿಂದ ಬಂದ ಪದವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಬಸರೂರಿನಲ್ಲಿ ಡಚ್ಚರೂ ಒಂದು ಕಾಲಕ್ಕೆ ವ್ಯಾಪಾರ ನಡೆಸಿದವರೇ. ಅಂತೂ ಕಡಲು ದಾಟಿ ಬಂದ ಪದ. ಅದಕ್ಕೊಂದು ಮರ್ಯಾದೆ ಇರಲಿ.

ನಮ್ಮ ಮನೆ ಬೈಂದೂರಿನಿಂದ ಸ್ವಲ್ಪ ಒಳಗೆ, ಒಂದು ಹಾಡಿಯ ಅಂಚಿನಲ್ಲಿದೆ. ಅಪ್ಪಯ್ಯನಿಗೆ ಬೆಂಗಳೂರಿನ ಹೋಟೆಲಿನಲ್ಲಿ ಅಡುಗೆಯ ಕೆಲಸ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಇಬ್ಬರೂ ನಾಲ್ಕನೆಯ ತರಗತಿಯನ್ನು ದಾಟಿದವರಲ್ಲ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನು ನಾನೇ ಮೊದಲಿಗ. ಈ ಕಾರಣಕ್ಕಾಗಿ ಮನೆಯಲ್ಲಿ ನನಗೆ ಸಲ್ಲುವ ಗೌರವ ನನ್ನ ಯೋಗ್ಯತೆಯನ್ನು ಮೀರಿದ್ದು. ವಿದ್ಯುತ್ತಿನ ಬಿಲ್ಲು, ಪಡಿತರ ಚೀಟಿ, ಬ್ಯಾಂಕಿನ ಕಾಗದ ಏನೇ ಬಂದರೂ, "ಮಾಣಿ ಕಾಣ್ಲಿ" ಎಂದು ಎತ್ತಿಡುತ್ತಾರೆ. ಮಾಣಿಗೆ ಎಲ್ಲವೂ ಗೊತ್ತೆಂಬ ಈ ನಂಬಿಕೆ ಕಳೆದ ಮಳೆಗಾಲದ ತನಕ ಭದ್ರವಾಗಿಯೇ ಇತ್ತು.

ಕಳೆದ ಜುಲೈ ತಿಂಗಳಲ್ಲಿ, ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ತಂಗಿಗೆ ಜ್ವರ ಬಂತು. ಊಟ ಸೇರದಾಯಿತು, ನಾಲ್ಕು ದಿನದಲ್ಲಿ ಕಣ್ಣು ಅರಸಿನದಂತೆ ಹಳದಿಯಾಯಿತು. ಕಾಮಾಲೆಯೆಂದು ನೆರೆಯವರು ನೆಲನೆಲ್ಲಿಯ ಕಷಾಯ ತಂದುಕೊಟ್ಟರು. ನಾವು ಆಸ್ಪತ್ರೆಗೂ ಕರೆದೊಯ್ದೆವು. ವೈದ್ಯರು ಪರೀಕ್ಷೆ ಮಾಡಿ, ಇದು ನೀರಿನಿಂದ ಹರಡುವ ಕಾಮಾಲೆ ಎಂದರು. ಅನಂತರ ನನ್ನ ಕಡೆ ತಿರುಗಿ, "ಕುಡಿಯುವ ನೀರು ಎಲ್ಲಿಯದು? ಬಾವಿಗೂ ಹೊಂಡಕ್ಕೂ ಎಷ್ಟು ದೂರ?" ಎಂದು ಕೇಳಿದರು. "ಐವತ್ತು ಅಡಿಗಿಂತ ಹೆಚ್ಚೇ ಇದೆ" ಎಂದೆ. "ಸರಿ, ನಡುವೆ ಕೊಳವೆ ಯಾವ ದಾರಿಯಲ್ಲಿ ಹೋಗುತ್ತದೆ?" ಎಂದರು. ನಾನು ಸುಮ್ಮನೆ ನಿಂತೆ.

ವಾಚಕರು ನನ್ನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ನಾನು ಇತಿಹಾಸದ ವಿದ್ಯಾರ್ಥಿ. ಮೊಹೆಂಜೊದಾರೊ ನಗರದಲ್ಲಿ ಸುಟ್ಟ ಇಟ್ಟಿಗೆಯ ಮುಚ್ಚಿದ ಚರಂಡಿಗಳಿದ್ದುವೆಂದೂ, ಮನೆಯ ನೀರು ಅದರೊಳಗೆ ಹೇಗೆ ಸೇರುತ್ತಿತ್ತೆಂದೂ ಚಿತ್ರ ಸಹಿತ ಬರೆದು ಹತ್ತಕ್ಕೆ ಎಂಟು ಅಂಕ ಪಡೆದವನು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಬಾವಿಯ ನೀರು ಕುಡಿದವರಿಗೆ ಕಾಲರಾ ಹಬ್ಬಿದುದನ್ನು ಜಾನ್ ಸ್ನೋ ಎಂಬ ವೈದ್ಯನು ಮನೆ ಮನೆ ವಿಚಾರಿಸಿ ಕಂಡುಹಿಡಿದನೆಂದೂ, ಆಮೇಲೆ ಅಗೆದು ನೋಡಿದಾಗ ಆ ಬಾವಿಯ ಪಕ್ಕದಲ್ಲೇ, ಕೆಲವೇ ಅಡಿಗಳ ಅಂತರದಲ್ಲಿ, ಒಂದು ಮನೆಯ ಮಲದ ಗುಂಡಿಯ ಇಟ್ಟಿಗೆ ಕಳಚಿದ್ದುದು ಕಂಡುಬಂತೆಂದೂ ಓದಿದವನು. ಸಿಂಧೂ ಕಣಿವೆಯ ಚರಂಡಿ ಗೊತ್ತು, ಲಂಡನ್ನಿನದೂ ಗೊತ್ತು. ನಾನು ಹುಟ್ಟಿ ಬೆಳೆದ ಅಂಗಳದ ಅಡಿಯಲ್ಲಿ ಹಾದುಹೋಗುವುದು ಮಾತ್ರ ಗೊತ್ತಿಲ್ಲ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು: "ಗೋಡಿ ಬದಿಯಂಗೇ ಹೋಯ್ತ್, ತೆಂಗಿನ್ ಮರದ್ ಹತ್ರ ತಿರ್ಗತ್ತ್. ನಡುಕೆ ಪಾದಿ ಇತ್ತಲ್ಲ, ಅದ್ಕೇ ಸುತ್ ಹಾಕದ್. ಮಣ್ಣ್ ಹೊತ್ತದ್ ನಾನಲ್ದಾ?" ಆಗ ನಾನು ಅವಳ ಹೊಟ್ಟೆಯಲ್ಲಿದ್ದೆನಂತೆ.

ಪಂಚಾಯತಿಯವರಿಂದ ನೀರಿನ ಪರೀಕ್ಷೆಯ ಸಣ್ಣ ಬಾಟಲಿ ತಂದೆ. ಬಾವಿಯ ನೀರನ್ನು ತುಂಬಿ ಮುಚ್ಚಿಟ್ಟು ಒಂದೆರಡು ದಿನ ಕಾಯಬೇಕು. ಮಲದ ರೋಗಾಣುಗಳು ಸೇರಿದ್ದರೆ ನೀರು ಕಪ್ಪಾಗುತ್ತದೆ. ಮರುದಿನ ಬೆಳಗ್ಗೆಯೇ ನಮ್ಮ ಬಾಟಲಿ ಮಸಿಯಂತಾಗಿತ್ತು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ಏನೂ ಮಾತಾಡದೆ, ಬಾವಿಯ ಕೊಡಪಾನವನ್ನು ಬೋರಲು ಹಾಕಿದಳು. ಅಂದಿನಿಂದ ಕುಡಿಯುವ ನೀರು ನೆರೆಮನೆಯ ಬಾವಿಯಿಂದ, ಅದೂ ಕುದಿಸಿ. ಕಕ್ಕಸಿಗೆ ಬೀಗ ಬಿತ್ತು.

ಬೀಗ ಹಾಕುವುದೆಂದರೆ ಏನೆಂದು ಗಂಡಸಾದ ನನಗೆ ಮೊದಲು ತಿಳಿಯಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಮ್ಮಲ್ಲಿ ಹೆಂಗಸರು ಬೆಳಕು ಹರಿಯುವ ಮುಂಚೆ ಇಲ್ಲವೇ ಕತ್ತಲಾದ ಮೇಲೆ ಹಾಡಿಗೆ ಹೋಗುತ್ತಿದ್ದರಂತೆ. ಹಗಲಿನಲ್ಲಿ ಹೋಗುವಂತಾಗಬಾರದೆಂದು ಅಮ್ಮ ಮಧ್ಯಾಹ್ನ ನೀರನ್ನೇ ಕುಡಿಯುತ್ತಿರಲಿಲ್ಲವಂತೆ. ಹಂಚು ಹೊದಿಸುವುದನ್ನು ಮುಂದಕ್ಕೆ ಹಾಕಿ ಮೊದಲು ಕಕ್ಕಸು ಕಟ್ಟಿಸಬೇಕೆಂದು ಹಟ ಹಿಡಿದವಳೂ ಅವಳೇ. ಈಗ ಮತ್ತೆ ಆ ಮಳೆಯಲ್ಲಿ, ಕಾಹಿಲೆಯ ಮಗಳ ಕೈಹಿಡಿದು, ಟಾರ್ಚು ಹಚ್ಚಿಕೊಂಡು ನೆರೆಮನೆಯ ಕಕ್ಕಸಿಗೆ ಹೋಗಿಬರತೊಡಗಿದಳು. ನೆರೆಯವರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೂ ದಿನಕ್ಕೆ ಮೂರು ಸಲ ಇನ್ನೊಬ್ಬರ ಬಾಗಿಲಿಗೆ ಇದೇ ಕಾರಣಕ್ಕೆ ಹೋಗುವುದು ಸುಲಭವಲ್ಲ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ದಿನಗಳಲ್ಲಿ ಒಂದು ಅಡಿ ಅಗೆದರೆ ಎರಡು ಅಡಿ ನೀರು. ಅಗೆತಕ್ಕೆ ದೀಪಾವಳಿ ಕಳೆಯಬೇಕಾಯಿತು. ತಂಗಿ ಅಷ್ಟರಲ್ಲಿ ಚೇತರಿಸಿಕೊಂಡಿದ್ದಳು. ಅಪ್ಪಯ್ಯ ಹತ್ತು ದಿನ ರಜೆ ಪಡೆದು ಬಂದ. ಬ್ರಹ್ಮಾವರದ ಕಡೆಯ ಮೇಸ್ತ್ರಿಗಳೊಬ್ಬರು ನಮ್ಮೂರಿನಲ್ಲೊಂದು ಮನೆ ಕಟ್ಟುತ್ತಿದ್ದರು. ಅವರನ್ನು ಕರೆದುಕೊಂಡು ಬಂದೆವು.

ಮೊದಲು ಹೊಂಡ ಖಾಲಿಯಾಗಬೇಕಿತ್ತು. ಊರಿನವರೊಬ್ಬರು, "ಐನೂರು ರೂಪಾಯಿ ಕೊಟ್ರೆ ಇಳುಕೆ ಜನ ಇತ್" ಎಂದರು. ನಿಜ ಹೇಳುತ್ತೇನೆ: ಆ ಮಾತು ಕೇಳಿದಾಗ ನನಗೆ ಮೊದಲು ಆದುದು ಸಿಟ್ಟಲ್ಲ, ಸಮಾಧಾನ. ಕೆಲಸ ಬೇಗ ಮುಗಿಯುತ್ತದಲ್ಲ ಎಂದು. ಮನುಷ್ಯನನ್ನು ಮಲದ ಗುಂಡಿಗೆ ಇಳಿಸುವುದು ೨೦೧೩ರ ಕಾಯಿದೆಯಂತೆ ಅಪರಾಧವೆಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ೨೦೧೦ರಲ್ಲಿ ಸವಣೂರಿನ ಮಲ ಹೊರುವ ಕುಟುಂಬದವರು ತಮ್ಮನ್ನು ಒಕ್ಕಲೆಬ್ಬಿಸಬಾರದೆಂದು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದುದನ್ನೂ ಓದಿದ್ದೆ. ಓದಿದ್ದು ನನ್ನ ಬಾಯಿಗೆ ಬರುವ ಮೊದಲೇ ಅಪ್ಪಯ್ಯ, "ಅವ್ನಿಗೂ ಮಕ್ಳಿಲ್ದಾ? ಬ್ಯಾಡ" ಎಂದುಬಿಟ್ಟ. ಮುಚ್ಚಿದ ಹೊಂಡದಲ್ಲಿ ವಿಷದ ಗಾಳಿ ಕಟ್ಟಿಕೊಂಡಿರುತ್ತದೆ. ಇಳಿದವನು ಏಳುವುದಿಲ್ಲ, ಎತ್ತಲು ಹೋದವನೂ ಏಳುವುದಿಲ್ಲ. ಕುಂದಾಪುರದಿಂದ ಹೀರುವ ಯಂತ್ರದ ಗಾಡಿ ತರಿಸಿದೆವು. ಹಣ ಹೆಚ್ಚಾಯಿತು. ಹಂಪಿಯ ಶೈಕ್ಷಣಿಕ ಪ್ರವಾಸಕ್ಕೆಂದು ನಾನು ಕೂಡಿಟ್ಟದ್ದು ಹಾಗೆ ಹೊಂಡ ಸೇರಿತು.

ಇನ್ನು ತಪಾಸಣೆ. ದೊಡ್ಡ ನಗರಗಳಲ್ಲಿ ಕೊಳವೆಯೊಳಗೆ ಕ್ಯಾಮರಾ ನೂಕಿ ನೋಡುತ್ತಾರೆಂದು ನಾನು ಮೊಬೈಲಿನಲ್ಲಿ ಮೇಸ್ತ್ರಿಗಳಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಒಂದು ಬಕೆಟ್ ನೀರು, ಬಟ್ಟೆಗೆ ಹಾಕುವ ನೀಲಿ ಮತ್ತು ಉದ್ದನೆಯ ಬಿದಿರಿನ ಸೀಳು ತರಲು ಹೇಳಿದರು. ನೀಲಿ ನೀರನ್ನು ಒಮ್ಮೆಲೇ ಸುರಿದು ಹೊಂಡದ ಬಾಯಿಯಲ್ಲಿ ಕಾದೆವು. ಬಕೆಟ್ ಪೂರ್ತಿ ಸುರಿದರೂ ಆಚೆ ಬಂದದ್ದು ಒಂದೆರಡು ಚೊಂಬಿನಷ್ಟು. ಅನಂತರ ಬಿದಿರನ್ನು ನೂಕಿದರು. ಒಂದು ಕಡೆ ಸಿಕ್ಕಿಕೊಂಡಿತು. ಹೊರಗೆ ಉಳಿದುದನ್ನು ಅಳೆದು ಕಳೆದು, ಅಷ್ಟೇ ದೂರವನ್ನು ನೆಲದ ಮೇಲೆ ಹಗ್ಗದಿಂದ ಗುರುತು ಮಾಡಿದರು. ಗುರುತು ಬಿದ್ದದ್ದು ತೆಂಗಿನ ಮರದ ಬುಡದಲ್ಲಿ, ಅಮ್ಮ ಹೇಳಿದ ತಿರುವಿನಲ್ಲಿ. ಬಾವಿಗೆ ಅಲ್ಲಿಂದ ಹನ್ನೆರಡೇ ಅಡಿ.

ಅಗೆದಾಗ ಎಲ್ಲವೂ ಸ್ಪಷ್ಟವಾಯಿತು. ಅದು ಸುಟ್ಟ ಮಣ್ಣಿನ ಹಳೆಯ ಕೊಳವೆ. ಎರಡೆರಡು ಅಡಿಯ ತುಂಡುಗಳನ್ನು ಸಿಮೆಂಟಿನಿಂದ ಕೂಡಿಸಿದ್ದರು. ನೆಲ ಸ್ವಲ್ಪ ಕುಸಿದು ಕೂಡುಗಳು ಬಿರುಕು ಬಿಟ್ಟಿದ್ದುವು. ಬಿರುಕಿನಲ್ಲಿ ತೇವ ಕಂಡ ತೆಂಗಿನ ಬೇರು ಒಳನುಗ್ಗಿ ಜಡೆಯಂತೆ ಬೆಳೆದಿತ್ತು. ಸುತ್ತಲಿನ ಮಣ್ಣು ಕಪ್ಪಾಗಿ ನಾರುತ್ತಿತ್ತು. ನಮ್ಮ ಮುರಕಲ್ಲು ನೋಡಲು ಗಟ್ಟಿ. ಒಳಗೆ ಜೇನುಹುಟ್ಟಿನಂತೆ ತೂತು. ಹೊಂಡ ಬಾವಿಯಿಂದ ಹದಿನೈದು ಮೀಟರಾದರೂ ದೂರವಿರಬೇಕೆಂದು ಹೇಳುವ ಲೆಕ್ಕವನ್ನು ನಮ್ಮವರು ಪಾಲಿಸಿದ್ದರು. ಆದರೆ ಹೊಂಡಕ್ಕೆ ಹೋಗುವ ದಾರಿ ಬಾವಿಯ ಪಕ್ಕದಲ್ಲೇ ಸೋರುತ್ತಿತ್ತು.

ಒಡೆದ ತುಂಡುಗಳನ್ನು ಮೇಲಕ್ಕೆ ಎತ್ತಬೇಕಾಗಿ ಬಂದಾಗ ನಾನು ಕೈಚೀಲ ಹಾಕಿಕೊಂಡೂ ಹಿಂಜರಿದೆ. ಅಪ್ಪಯ್ಯ ಹಳ್ಳದೊಳಗಿನಿಂದ ತಲೆಯೆತ್ತಿ ನೋಡಿ, "ನಮ್ಮನಿದೇ ಅಲ್ದಾ ಮಗಾ? ಎಂತ ಹೇಸ್ಗಿ?" ಎಂದ. ಅದರಲ್ಲಿ ಗದರಿಕೆ ಇರಲಿಲ್ಲ. ನಾನು ಇಳಿದೆ. ವರ್ಷದಲ್ಲಿ ಹದಿನೈದು ದಿನ ಮಾತ್ರ ಮನೆಯಲ್ಲಿರುವ ತಂದೆಯೊಡನೆ ನಾನು ಹೆಗಲಿಗೆ ಹೆಗಲು ಕೊಟ್ಟು ಮಾಡಿದ ಮೊದಲ ಕೆಲಸ ಅದು.

ಹಳೆಯ ದಾರಿಯನ್ನೇ ದುರಸ್ತಿ ಮಾಡಿದರೆ ಬೇರು ಮತ್ತೆ ಬರುತ್ತದೆ, ಬಾವಿಯೂ ಅಲ್ಲೇ ಇರುತ್ತದೆ. ಆದುದರಿಂದ ಪಾದೆಯನ್ನು ಕಡಿದು ನೇರವಾಗಿ ಹೊಸ ದಾರಿ ಮಾಡುವುದೆಂದು ನಿಶ್ಚಯವಾಯಿತು: ಮೂವತ್ತು ಅಡಿ. ಪಿಕ್ಕಾಸಿನಿಂದ ಕಡಿಯಲು ಮೂರು ದಿನ ಹಿಡಿಯಿತು. ನನ್ನ ಅಂಗೈಯ ಬೊಬ್ಬೆಗಳನ್ನು ತಂಗಿ ಎಣಿಸಿದಳು. ನಾಲ್ಕು ಇಂಚಿನ ಕೊಳವೆಗೆ ನಲವತ್ತು ಅಡಿಗೆ ಒಂದು ಅಡಿ ಇಳಿಜಾರು ಸಾಕಂತೆ. ನಮ್ಮ ಮೂವತ್ತಕ್ಕೆ ಒಂಬತ್ತು ಇಂಚು. "ಜಾಸ್ತಿ ಆರೂ ಆತಿಲ್ಲ, ಕಮ್ಮಿ ಆರೂ ಆತಿಲ್ಲ" ಎಂದರು ಮೇಸ್ತ್ರಿಗಳು. ಇಳಿಜಾರು ಕಡಿಮೆಯಾದರೆ ಎಲ್ಲವೂ ನಿಲ್ಲುತ್ತದೆ; ತೀರ ಹೆಚ್ಚಾದರೆ ನೀರು ಮುಂದೆ ಓಡಿ ಉಳಿದದ್ದು ಹಿಂದೆ ನಿಲ್ಲುತ್ತದೆ. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡುವುದನ್ನು ನನಗೆ ಕಲಿಸಿದರು. ಹಳ್ಳದ ತಳಕ್ಕೆ ಮರಳು ಹಾಸಿ ಪಿವಿಸಿ ಕೊಳವೆ ಇಟ್ಟೆವು. ಮನೆಯ ಬದಿಯಲ್ಲಿ, ಮುಂದೆ ಕಟ್ಟಿಕೊಂಡರೆ ತೆರೆದು ನೋಡಲು ಮುಚ್ಚಳವಿರುವ ಸಣ್ಣ ಗುಂಡಿಯೊಂದನ್ನು ಕಟ್ಟಿದರು.

ಮಣ್ಣು ಮುಚ್ಚುವ ಮೊದಲು ಪರೀಕ್ಷೆ. ಒಂದು ತುದಿಯಲ್ಲಿ ತಂಗಿ ಟಾರ್ಚು ಹಿಡಿದಳು. ಇನ್ನೊಂದು ತುದಿಯಲ್ಲಿ ನಾನು ಕನ್ನಡಿ ಇಟ್ಟು ನೋಡಿದೆ. ಕನ್ನಡಿಯಲ್ಲಿ ಬೆಳಕು ಹುಣ್ಣಿಮೆಯ ಚಂದ್ರನಂತೆ ಪೂರ್ತಿ ಗುಂಡಗೆ ಕಂಡರೆ ಕೊಳವೆ ನೇರವಾಗಿದೆ, ಎಲ್ಲಿಯೂ ಬಾಗಿಲ್ಲ ಎಂದರ್ಥ. ಗುಂಡಗೇ ಕಂಡಿತು. ಚಂದ್ರನ ಮೇಲೆ ಕವಿತೆ ಬರೆದಿರುವ ನನ್ನ ಸಹಪಾಠಿ ಕ್ಷಮಿಸಬೇಕು. ಕೊನೆಗೆ ತಂಗಿಯ ಟೆನ್ನಿಸ್ ಚೆಂಡನ್ನು ಉರುಳಿಸಿದೆವು; ಎಲ್ಲಿಯೂ ನಿಲ್ಲದೆ ಬಂದು ಅಪ್ಪಯ್ಯನ ಕೈ ಸೇರಿತು.

ಬಾವಿಯನ್ನು ಖಾಲಿ ಮಾಡಿ ಬ್ಲೀಚಿಂಗ್ ಪುಡಿ ಹಾಕಿ ಎರಡು ವಾರ ಬಿಟ್ಟು ಮತ್ತೆ ಬಾಟಲಿ ತುಂಬಿಟ್ಟೆವು. ಅಪ್ಪಯ್ಯ ಅಷ್ಟರಲ್ಲಿ ಬೆಂಗಳೂರಿಗೆ ಮರಳಿದ್ದ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ನೀರು ಕಪ್ಪಾಗಲಿಲ್ಲ. ಮೂರನೆಯ ದಿನ ಅಮ್ಮ ಕೊಡಪಾನವನ್ನು ನೆಟ್ಟಗೆ ಮಾಡಿ ನೀರು ಸೇದಿದಳು. ಕುದಿಸುವುದನ್ನು ಮಾತ್ರ ನಾವು ಈಗಲೂ ಬಿಟ್ಟಿಲ್ಲ.

ಇದರಿಂದ ನಾನು ಕಲಿತದ್ದೇನೆಂದು ಗುರುಗಳು ಕೇಳಿದರೆ, ಓದು ವ್ಯರ್ಥವೆಂದು ಹೇಳಲಾರೆ. ಬಾಟಲಿಯ ಪರೀಕ್ಷೆ ಇದೆಯೆಂದು ತಿಳಿದದ್ದು ಓದಿನಿಂದಲೇ. ಆದರೆ ಓದಿದವನು ತನ್ನ ಮನೆಯ ಅಡಿಯಲ್ಲಿ ಏನು ಹರಿಯುತ್ತಿದೆ, ಅದಕ್ಕೆ ಮಣ್ಣು ಹೊತ್ತವರು ಯಾರು ಎಂದು ಒಮ್ಮೆಯಾದರೂ ವಿಚಾರಿಸಬೇಕು. ನಾನು ಇಪ್ಪತ್ತು ವರ್ಷ ವಿಚಾರಿಸಿರಲಿಲ್ಲ. ಈಗ ಹೊಸ ಕೊಳವೆಯ ದಾರಿ, ಆಳ, ಮುಚ್ಚಳದ ಜಾಗ ಎಲ್ಲವನ್ನೂ ಅಳತೆ ಹಾಕಿ ಒಂದು ನಕ್ಷೆ ಬರೆದು ಪಡಿತರ ಚೀಟಿಯ ಜೊತೆಗೆ ಇಟ್ಟಿದ್ದೇನೆ. ಅಮ್ಮ ಅದನ್ನು ನೋಡಿ, ತೆಂಗಿನ ಮರವನ್ನು ತಪ್ಪು ಕಡೆ ಬರೆದಿದ್ದೇನೆಂದು ತಿದ್ದಿಸಿದಳು.